ಹತ್ತೊಂಬತ್ತು ಕಡೆ ‘ತೂರ’

ನಾನು ಹುಟ್ಟಿದಾಗಿನಿಂದ ಒಂದು ಹನಿ ವೈನ್ ಮುಟ್ಟಿದವಳಲ್ಲ. ಆದರೂ ಫ್ರಾನ್ಸಿನ ಒಂದು ದ್ರಾಕ್ಷಿ ತೋಟದವರ ವೈನುಗಳ ಬಗ್ಗೆ ಕನ್ನಡದಲ್ಲಿ ನಲವತ್ತು ಪುಟ ಬರೆದೆ. ಅದೂ ಎಲ್ಲಿ ಕೂತು? ಪಾನನಿಷೇಧದ ಗುಜರಾತಿನಲ್ಲಿ, ವಡೋದರಾದ ಗೋರ್ವಾದಲ್ಲಿ, ಬಾಟಲಿಯ ಸುದ್ದಿ ಬಂದರೆ ಜನ ಒಮ್ಮೆ ಬಾಗಿಲ ಕಡೆ ನೋಡಿ ಆಮೇಲೆ ಮಾತಾಡುವ ಊರಿನಲ್ಲಿ. ಇದನ್ನು ಯಾರಾದರೂ ಆಡಿಕೊಂಡಿದ್ದರೆ ನಾನೂ ಜೊತೆಗೆ ನಕ್ಕುಬಿಡುತ್ತಿದ್ದೆ. ಆದರೆ ಅದನ್ನು ತಿದ್ದಲು ಕೂತ ಸೂರತ್ತಿನ ಮನುಷ್ಯ ಕೈ ಹಾಕಿದ್ದು ನನ್ನ ಕನ್ನಡಕ್ಕೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ನಮ್ಮ ಮನೆಯವರು ಬ್ಯಾಂಕಿನವರು. ‘ಮೂರು ವರ್ಷ ಅಷ್ಟೇ, ಆಮೇಲೆ ಹುಬ್ಬಳ್ಳಿಗೇ ವರ್ಗ’ ಅಂತ ಹೇಳಿ ಕರೆದುಕೊಂಡು ಬಂದರು. ಇಪ್ಪತ್ತೆಂಟು ವರ್ಷ ಆಯಿತು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಹಟಕ್ಕೆ ಬಿದ್ದು ಕಲಿತ ಫ್ರೆಂಚ್ ಇಲ್ಲಿ ಅನ್ನಕ್ಕೆ ಬಂತು. ಕೆನಡಾಕ್ಕೆ ಹೋಗುವ ಹುಡುಗ ಹುಡುಗಿಯರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಮೇಲೆ ಕೂತು ಪಾಠ ಹೇಳಿಸಿಕೊಳ್ಳುತ್ತಾರೆ. ಪರೀಕ್ಷೆ ಪಾಸಾದರೆ ಪೆಟ್ಟಿಗೆ ಕಟ್ಟುತ್ತಾರೆ, ಹೋಗುವ ಮುಂಚೆ ಒಂದು ಡಬ್ಬಿ ಮಿಠಾಯಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಬಂದು, ‘ಬೆನ್, ನಿಮ್ಮ ಕನ್ನಡ ಬೇಕಾಗಿತ್ತು’ ಅಂತ ಕೇಳಿರಲಿಲ್ಲ. ಬೆನ್ ಅಂದರೆ ಅಕ್ಕ. ಇಲ್ಲಿ ಎಲ್ಲ ಹೆಂಗಸರನ್ನೂ ಹಾಗೇ ಕರೆಯುವುದು. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಕನ್ನಡ ಓದಲಾರಳು. ಮಾತಾಡುತ್ತಾಳೆ, ಎರಡು ಮಾತಿಗೆ ಒಂದು ಹಿಂದಿ ಸೇರಿಸಿ.

ಹೀಗಿರುವಾಗ ಅಹಮದಾಬಾದಿನ ಹೊರವಲಯದ ಬೋಪಾಲ್‌ನಿಂದ ಫೋನ್ ಬಂತು. ಅನುವಾದ ಮಾಡಿಸುವ ಒಂದು ಸಣ್ಣ ಕಚೇರಿ. ನಡೆಸುವವಳು ಗುಜರಾತಿ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ನಯವಾದ ಮಾತು. ಲ್ವಾರ್ ನದಿಯ ದಂಡೆಯ ಒಂದು ಮನೆತನದ ವೈನುಗಳನ್ನು ಬೆಂಗಳೂರಿನವರು ಯಾರೋ ತರಿಸುತ್ತಿದ್ದಾರಂತೆ. ಹುಬ್ಬಳ್ಳಿ, ಮೈಸೂರು, ಮಂಗಳೂರಿನ ಅಂಗಡಿಗಳಲ್ಲಿ ಇಡಲು ಒಂದು ಕೈಪಿಡಿ ಬೇಕಂತೆ. ಯಾವ ದ್ರಾಕ್ಷಿ, ಯಾವ ರುಚಿ, ಯಾವ ಊಟದ ಜೊತೆ ಯಾವ ವೈನು. ಇಂಗ್ಲಿಷಿನಿಂದ ಬೇಡ, ನೇರವಾಗಿ ಫ್ರೆಂಚಿನಿಂದ ಕನ್ನಡಕ್ಕೆ. “ಕಡೇ ಪುಟದಲ್ಲಿ ‘ಕನ್ನಡಕ್ಕೆ’ ಅಂತ ನಿಮ್ಮ ಹೆಸರು ಬರುತ್ತೆ ಬೆನ್,” ಅಂದಳು. ಆ ಒಂದು ಮಾತಿಗೆ ನಾನು ಬಿದ್ದೆ. ನನ್ನ ಹೆಸರು, ಅದರ ಮುಂದೆ ಕನ್ನಡ ಅನ್ನುವ ಪದ, ಅಚ್ಚಿನಲ್ಲಿ. ಅದೊಂದು ಸಿಕ್ಕರೆ ಇಪ್ಪತ್ತೆಂಟು ವರ್ಷ ಇಲ್ಲಿ ಕೂತದ್ದು ದಂಡವಾಗಲಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳಬಹುದಿತ್ತು.

ಮಧ್ಯಾಹ್ನ ಪಾಠ ಇಲ್ಲದ ಹೊತ್ತಿನಲ್ಲಿ ಕೆಲಸಕ್ಕೆ ಕೂತೆ. ಏನು ಮಜಾ ಅಂತೀರಿ! ಫ್ರೆಂಚರು ವೈನಿನ ಬಣ್ಣಕ್ಕೆ ಉಡುಪು ಅಂತಾರೆ. ವಾಸನೆಗೆ ಮೂಗು ಅಂತಾರೆ. ರುಚಿಗೆ ಬಾಯಿ. ‘ಇದರ ಮೂಗು ಹಸಿ ಹುಲ್ಲು, ಬಾಯಿ ಉದ್ದ’ ಅಂತ ಬರೆದರೆ ಹುಬ್ಬಳ್ಳಿಯ ಅಂಗಡಿಯವನು ಕತ್ತೆಯ ವರ್ಣನೆ ಅಂದುಕೊಂಡಾನು. ಒಂದೊಂದಕ್ಕೂ ಹೊಸ ದಾರಿ ಹುಡುಕಬೇಕಾಯಿತು. ಶೆನಾಂ ಅಂತ ಒಂದು ಬಿಳಿ ದ್ರಾಕ್ಷಿ. ಅದೇ ದ್ರಾಕ್ಷಿಯಿಂದ ಹಲ್ಲು ಚುಳ್ಳೆನ್ನುವ ಹುಳಿ ವೈನೂ ಮಾಡುತ್ತಾರೆ, ಜೇನಿನಂಥ ಸಿಹಿ ವೈನೂ ಮಾಡುತ್ತಾರೆ. ಸಿಹಿಯದಕ್ಕೆ ಹಣ್ಣನ್ನು ಬಳ್ಳಿಯಲ್ಲೇ ಬೂಷ್ಟು ಹಿಡಿಯಲು ಬಿಡುತ್ತಾರೆ. ಆ ಬೂಷ್ಟಿಗೆ ಫ್ರೆಂಚಿನಲ್ಲಿ ಕುಲೀನ ಅಂತ ಬಿರುದು ಬೇರೆ. ನಾನು ‘ಪುಣ್ಯವಂತ ಬೂಷ್ಟು’ ಅಂತ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸೊವಿನ್ಯೋಂ ಅಂತ ಇನ್ನೊಂದು ಬಿಳಿಯದು, ಎಲೆ ಹಿಚುಕಿದ ವಾಸನೆಯದು. ಕೆಂಪಿನಲ್ಲಿ ಎರಡು: ಗಾಮೇ, ಹಗುರ, ಬೇಸಿಗೆಯಲ್ಲಿ ತಣ್ಣಗೆ ಮಾಡಿ ಕುಡಿಯುವಂಥದು, ಕಾಬರ್ನೇ ಫ್ರಾಂ, ಗಟ್ಟಿ, ವರ್ಷಗಟ್ಟಲೆ ಇಡುವಂಥದು.

ಈ ಕಾಬರ್ನೇ ಫ್ರಾಂಗೆ ಒಂದು ಗುಣ ಇದೆ. ಹಸಿ ಬಾಳೆಕಾಯಿ ಕಚ್ಚಿದರೆ, ನೇರಳೆ ಹಣ್ಣು ಹೆಚ್ಚಾಗಿ ತಿಂದರೆ ನಾಲಿಗೆ ಬಿಗಿದುಕೊಂಡು ಹಲ್ಲಿಗೆ ಅರಿವೆ ಸುತ್ತಿದ ಹಾಗಾಗುತ್ತದಲ್ಲ, ಆ ಗುಣ. ದ್ರಾಕ್ಷಿಯ ಸಿಪ್ಪೆ ಬೀಜದಿಂದ ಬರುವುದು. ಇಂಗ್ಲಿಷಿನವರು ಅದಕ್ಕೆ ಟ್ಯಾನಿನ್ ಅಂತ ವಿಜ್ಞಾನದ ಪುಸ್ತಕದ ಹೆಸರಿಟ್ಟುಕೊಂಡು ಒದ್ದಾಡುತ್ತಾರೆ. ನಮಗೇನು ಕಷ್ಟ? ನಮ್ಮಲ್ಲಿ ಮನೆಮಾತಿನ ಪದವೇ ಇದೆಯಲ್ಲ ಅಂತ ಖುಷಿಯಾಗಿ ‘ತೂರ’ ಅಂತ ಬರೆದೆ. ತೂರ ರುಚಿ, ಎಳೆ ತೂರ, ವಯಸ್ಸಾದಂತೆ ಮೆತ್ತಗಾಗುವ ತೂರ. ಒಟ್ಟು ಹತ್ತೊಂಬತ್ತು ಕಡೆ.

ಊಟದ ಭಾಗವೇ ದೊಡ್ಡದು. ಫ್ರೆಂಚಿನಲ್ಲಿ ಇದ್ದದ್ದು ಬಾತುಕೋಳಿ, ಕಪ್ಪೆಚಿಪ್ಪು, ಆಡಿನ ಹಾಲಿನ ಚೀಸ್. ಜೊತೆಗೆ ಕರ್ನಾಟಕದ ಊಟವನ್ನೂ ಸೇರಿಸಿ ಅಂತ ಬೆಂಗಳೂರಿನವರ ಅಪ್ಪಣೆ. ನಾನು ಸಸ್ಯಾಹಾರಿ, ನನಗೆ ತಿಳಿದದ್ದನ್ನೇ ಬರೆದೆ. ಕಾಬರ್ನೇ ಫ್ರಾಂ ಜೊತೆ ಜೋಳದ ರೊಟ್ಟಿ, ಎಣ್ಣೆಗಾಯಿ. ಸೊವಿನ್ಯೋಂ ಜೊತೆ ಹೆಸರುಬೇಳೆ ಕೋಸಂಬರಿ. ಗಾಮೇ ಜೊತೆ ಗಿರಮಿಟ್, ಮಿರ್ಚಿ ಭಜಿ. ಸಿಹಿ ಶೆನಾಂ ಜೊತೆ ಧಾರವಾಡ ಪೇಡೆ. ಕುಡಿಯದೆ ಹೇಗೆ ಬರೆದೆ ಅಂದರೆ, ಹುಳಿಗೆ ಏನು ಸೇರುತ್ತದೆ, ಎಣ್ಣೆಗೆ ಏನು ಸೇರುತ್ತದೆ ಅಂತ ತಿಳಿಯಲು ಕುಡಿಯಬೇಕೇನು? ಮೂವತ್ತು ವರ್ಷ ಒಲೆ ಮುಂದೆ ನಿಂತಿಲ್ಲವೇ ನಾನು?

ಕಳಿಸಿದ ಹದಿನೈದು ದಿನಕ್ಕೆ ವಾಪಸು ಬಂತು. ಪುಟ ಪುಟಕ್ಕೂ ಬದಿಯಲ್ಲಿ ಕೆಂಪು ಟಿಪ್ಪಣಿ. ಅಲ್ಲಿನ ಪದ್ಧತಿ ಹಾಗಂತೆ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ತಿದ್ದಿದವರು ಸೂರತ್ತಿನವರು, ವಿಮಾ ಕಂಪನಿಯಿಂದ ನಿವೃತ್ತರು, ಮೂಲ ಮಂಗಳೂರು ಕಡೆ. ಅಲ್ಲಿನ ಕನ್ನಡದವರ ಸಂಘದ ಪತ್ರಿಕೆಯನ್ನು ಬಹಳ ವರ್ಷ ನಡೆಸಿದವರಂತೆ. ಫ್ರೆಂಚ್ ಒಂದಕ್ಷರ ಬಾರದು. ಆದರೆ ಸೂರತ್ತಿನಿಂದ ದಮಣ್ ಹತ್ತಿರ, ಅಲ್ಲಿ ಕುಡಿಯಲು ಅಡ್ಡಿಯಿಲ್ಲ, ತಿಂಗಳಿಗೊಂದು ಶನಿವಾರ ಹೋಗಿ ಬರುತ್ತಾರೆ. ಆದ್ದರಿಂದ ವೈನ್ ತಿಳಿದವರು ಅಂತ ಬೋಪಾಲ್‌ನ ಕಚೇರಿಯ ಬೆನ್ ಈ ಮನುಷ್ಯನನ್ನು ಹಿಡಿದಿದ್ದಳು.

ಟಿಪ್ಪಣಿ ಓದುತ್ತಾ ಓದುತ್ತಾ ಮೈ ಉರಿದುಹೋಯಿತು. ‘ಪುಣ್ಯವಂತ ಬೂಷ್ಟು’ ಪಕ್ಕದಲ್ಲಿ, ‘ಬೂಷ್ಟು ಅಂದರೆ ಯಾರು ಕುಡಿಯುತ್ತಾರೆ?’ ಪೇಡೆಯ ಪಕ್ಕದಲ್ಲಿ ಬರೀ ಮೂರು ಆಶ್ಚರ್ಯಸೂಚಕ ಚಿಹ್ನೆ. ಗಿರಮಿಟ್ ತೆಗೆದು ಕೋರಿ ರೊಟ್ಟಿ ಹಾಕಿದ್ದರು. ಎಣ್ಣೆಗಾಯಿ ತೆಗೆದು ಬಂಗುಡೆ. ನಾನು ಸಿಹಿಯಿಲ್ಲದ ವೈನ್ ಅಂತ ಬರೆದಲ್ಲೆಲ್ಲ ‘ಒಣ ವೈನ್’ ಅಂತ ಮಾಡಿದ್ದರು, ಇಂಗ್ಲಿಷಿನವರು ಡ್ರೈ ಅನ್ನುತ್ತಾರಂತೆ. ಒಣ ವೈನ್! ಒಣದ್ರಾಕ್ಷಿ ಗೊತ್ತು, ಒಣಮೀನು ಇವರಿಗೆ ಗೊತ್ತಿರಬೇಕು, ಬಾಟಲಿಯಲ್ಲಿ ಕುಲುಕುತ್ತಿರುವುದು ಒಣ ಹೇಗಾದೀತು? ಫ್ರಾನ್ಸಿನ ಒಂದು ಮುಳ್ಳುಗಿಡದ ಹಣ್ಣಿಗೆ, ಗೂಸ್ಬೆರಿ ಅದು, ಇಂಗ್ಲಿಷ್ ನಿಘಂಟು ನೋಡಿ ‘ನೆಲ್ಲಿಕಾಯಿ’ ಅಂತ ಹಾಕಿದ್ದರು. ಹೆಸರು ಒಂದೇ ಆದರೆ ಹಣ್ಣು ಒಂದೇ ಏನು?

ಹತ್ತೊಂಬತ್ತು ಕಡೆ ‘ತೂರ’ಕ್ಕೆ ಗೆರೆ ಎಳೆದು ‘ಚೊಗರು’ ಅಂತ ಮಾಡಿದ್ದರು. ಮೊದಲನೆಯದರ ಪಕ್ಕ ಒಂದು ಪ್ರಶ್ನೆ: ‘ಇದು ಯಾವ ಊರಿನ ಕನ್ನಡ?’ ಕಡೆಯಲ್ಲಿ, ಎಲ್ಲಕ್ಕೂ ಸೇರಿಸಿ, ಒಂದು ಸಾಲು: ‘ಅನುವಾದಕರ ಫ್ರೆಂಚ್ ಚೆನ್ನಾಗಿರಬಹುದು. ಕನ್ನಡ ಹಳಸಿದೆ. ಊರು ಬಿಟ್ಟವರ ಕನ್ನಡ.’

ಹಳಸಿದೆ ಅಂತೆ, ಹಳಸಿದೆ! ನಿನ್ನೆಯ ಅನ್ನವೇನು ನನ್ನ ಕನ್ನಡ? ಮಧ್ಯಾಹ್ನದ ಪಾಠಕ್ಕೆ ಬಂದ ಹುಡುಗರನ್ನು ವಾಪಸು ಕಳಿಸಿ ಸೂರತ್ತಿಗೆ ಫೋನ್ ಹಚ್ಚಿದೆ.

“ನಮಸ್ಕಾರ ಸರ್. ನಾ ವಡೋದರಾದಿಂದ. ಹಳಸಿದ ಕನ್ನಡದಾಕಿ.”

“ಓ, ನಮಸ್ಕಾರ ಮೇಡಂ. ಹೇಳಿ.”

“ನೀವು ಸೂರತ್ತಿನಾಗ ಎಷ್ಟ ವರ್ಷ ಆತ್ರಿ?”

“ನಲವತ್ತು ಆಯ್ತು. ಎಂತಕ್ಕೆ?”

“ನಲವತ್ತ ವರ್ಷ ಆದವರದು ಹಳಸಲಿಲ್ಲ, ಇಪ್ಪತ್ತೆಂಟ ಆದಾಕಿದು ಹಳಸ್ತು. ಏನ್ ಲೆಕ್ಕಾರಿ ಇದು?”

“ಹಾಗಲ್ಲ ಮೇಡಂ. ನಾನು ದಿನಾ ಕನ್ನಡ ಓದುತ್ತೇನೆ, ಬರೆಯುತ್ತೇನೆ. ನೀವು ದಿನಾ ಫ್ರೆಂಚ್ ಕಲಿಸುವವರು. ಬಿಟ್ಟುಹೋಗ್ತದೆ ಮಾರಾಯ್ರೆ. ನಮಗೆ ಗೊತ್ತಾಗುವುದಿಲ್ಲ.”

ಆ ಸಮಾಧಾನದ ದನಿಗೇ ನನಗೆ ಇನ್ನಷ್ಟು ಸಿಟ್ಟು ನೆತ್ತಿಗೇರಿತು. ಒಣ ವೈನಿನಿಂದ ಶುರು ಮಾಡಿ ನೆಲ್ಲಿಕಾಯಿವರೆಗೆ ಝಾಡಿಸಿದೆ. ನೆಲ್ಲಿಕಾಯಿ ತಪ್ಪು ಅಂತ ಒಪ್ಪಿಕೊಂಡರು. ಒಣ ವೈನನ್ನೂ ಗೊಣಗುತ್ತಾ ಬಿಟ್ಟರು. ಕಪ್ಪೆಚಿಪ್ಪಿನ ಜಾಗದಲ್ಲಿ ಅವರು ಬರೆದ ಮರುವಾಯಿ ಸುಕ್ಕವನ್ನು ನಾನು ಬಿಟ್ಟುಕೊಟ್ಟೆ. ಅದೂ ಚಿಪ್ಪಿನದೇ, ನ್ಯಾಯ ನ್ಯಾಯವೇ. ಬೂಷ್ಟು, ಪೇಡೆ ಎರಡನ್ನೂ ಜಗಳವಾಡಿ ಗೆದ್ದೆ. ಗೆದ್ದ ಉತ್ಸಾಹದಲ್ಲೇ ‘ತೂರ’ಕ್ಕೆ ಬಂದೆ.

“ಅದು ಯಾವ ಊರಿನದು ಅಂತ ಕೇಳಿದ್ದೆ ಅಲ್ವಾ,” ಅಂದರು.

“ಧಾರವಾಡದ್ದು. ನಮ್ಮ ಮನೀದು. ನಮ್ಮ ಅಜ್ಜಿ ಬಾಯಿಂದ ಬಂದದ್ದು. ನಿಮ್ಮ ಕಡೆ ಇಲ್ಲ ಅಂದ್ರ ಕನ್ನಡದಾಗ ಇಲ್ಲ ಅಂತೇನ್ರಿ?”

“ಇನ್ನೊಮ್ಮೆ ಯೋಚನೆ ಮಾಡಿ ಮೇಡಂ.”

“ಯೋಚನೆ ಮಾಡೂದು ಏನೈತಿ ಇದರಾಗ? ನಿಮ್ಮ ಚೊಗರು ಯಾರಿಗೆ ತಿಳೀತದ ನಮ್ಮ ಕಡೆ? ಅಡಿಕಿ ಕುದಿಸಿದ ನೀರಿನ ಹೆಸರು ಅದು. ಮಂದಿ ವೈನ್ ಬಿಟ್ಟು ಎಲಿ ಅಡಿಕಿ ಹಾಕ್ಕೋತಾರ.”

ಅವರು ಆಯಿತು ಅಂತ ಫೋನ್ ಇಟ್ಟರು. ನನಗೆ ಅದು ಸಾಲಲಿಲ್ಲ. ಕೂತು ಬೋಪಾಲ್‌ಗೆ ಒಂದು ಉದ್ದ ಇ-ಮೇಲ್ ಬರೆದೆ, ಸೂರತ್ತಿನವರಿಗೂ ಒಂದು ಪ್ರತಿ. ‘ತೂರ’ ಶುದ್ಧ ಧಾರವಾಡ ಕನ್ನಡ ಅಂತ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ. ‘ಈ ಪದ ಕನ್ನಡದ್ದಲ್ಲ ಅಂತ ಯಾರಾದರೂ ತೋರಿಸಿಕೊಟ್ಟರೆ ಕಡೇ ಪುಟದಿಂದ ನನ್ನ ಹೆಸರು ತೆಗೆದು ಸೂರತ್ತಿನವರ ಹೆಸರು ಹಾಕಿಕೊಳ್ಳಿ’ ಅಂತಲೂ ಬರೆದೆ. ಕಳಿಸಿ, ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ. ಬಹಳ ರುಚಿಯಾಗಿತ್ತು.

ಬೋಪಾಲ್‌ನ ಬೆನ್‌ಗೆ ಕನ್ನಡದ ಈ ರಂಪ ಒಂದೂ ತಿಳಿಯಲಿಲ್ಲ. ಇಬ್ಬರೂ ಬಂದು ಎದುರು ಬದುರು ಕೂತು ಮುಗಿಸಿಬಿಡಿ ಅಂದಳು. ಜೂನ್ ತಿಂಗಳ ಬಿಸಿಲು. ಬೆಳಿಗ್ಗೆ ರೈಲು ಹತ್ತಿ ಅಹಮದಾಬಾದಿನ ಮಣಿನಗರದಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಮಾಡಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಹೋದೆ. ಎತ್ತರದ ಕಟ್ಟಡದ ಒಂಬತ್ತನೆಯ ಮಹಡಿ. ಸೂರತ್ತಿನವರು ಆಗಲೇ ಬಂದು ಕೂತಿದ್ದರು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎದ್ದು ನಿಂತು ಕೈ ಮುಗಿದರು. ನಾನು ತಲೆ ಆಡಿಸಿ ಕೂತೆ.

ಬೆನ್ ಚಹಾ ತರಿಸಿ, ಹಪ್ಪಳದಂಥ ಗರಿಗರಿ ಖಾಖರಾ ಇಟ್ಟು, ತನ್ನ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದಳು. ನಾವು ಕನ್ನಡದಲ್ಲಿ ಶುರು ಹಚ್ಚಿಕೊಂಡೆವು. ಕೋರಿ ರೊಟ್ಟಿ ಇರಲಿ, ಗಿರಮಿಟ್ಟೂ ಇರಲಿ ಅನ್ನುವಲ್ಲಿಗೆ ಅರ್ಧ ತಾಸು ಹೋಯಿತು. ಕಾಬರ್ನೇ ಫ್ರಾಂ ಬಂತು.

“ನಾನು ಇದನ್ನು ಕುಡಿದು ನೋಡಿದ್ದೇನೆ ಮೇಡಂ,” ಅಂದರು. “ಬಾಯಿ ಹಿಡಿದುಕೊಳ್ತದೆ. ಅದಕ್ಕೆ ಚೊಗರು ಅಂತಲೇ ಹೇಳಬೇಕು.”

“ನೀವು ಕುಡದೀರಿ, ನಾ ಓದೀನಿ. ತೂರ ಅನ್ನೂದs ಸರಿ.”

“ತೂರ ಬೇಡ.”

“ಯಾಕ ಬ್ಯಾಡ? ತೂರ ಅಂದ್ರ ತೂರ! ಸಣ್ಣ ಹುಡುಗರಿಗೂ ತಿಳೀತದ ತೂರ!”

ನನ್ನ ದನಿ ಏರಿತ್ತು. ಬೆನ್ ಕಂಪ್ಯೂಟರಿನಿಂದ ತಲೆ ಎತ್ತಿದಳು. ಅಷ್ಟು ಹೊತ್ತು ನಾವು ಆಡಿದ ಒಂದು ಮಾತೂ ತಿಳಿಯದೆ ಕೂತಿದ್ದವಳ ಮುಖ ಅರಳಿತು.

“ತೂರೋ?” ಅಂದಳು. “ಏ ತೋ ಅಮಾರೋ ಶಬ್ದ ಛೇ, ಬೆನ್!” ಅದು ನಮ್ಮ ಪದ ಅಲ್ಲವಾ ಅಂತ. “ಕಾಚಾ ಕೇಳಾ ತೂರಾ ಲಾಗೇ. ಜಾಂಬು ತೂರಾ ಲಾಗೇ.” ಹಸಿ ಬಾಳೆಕಾಯಿ ತೂರ, ನೇರಳೆ ಹಣ್ಣು ತೂರ. ಕನ್ನಡದಲ್ಲಿಯೂ ಹಾಗೇ ಅನ್ನುತ್ತೀರಾ, ಎಷ್ಟು ಚೆನ್ನ ಅಂತ ಅವಳು ಖುಷಿಪಡುತ್ತಿದ್ದಳು, ಪಾಪ.

ಸೂರತ್ತಿನವರು ಖಾಖರಾದ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು.

“ಅಕ್ಕಪಕ್ಕದ ಭಾಷಾ,” ಅಂದೆ. “ಎರಡರಾಗೂ ಇದ್ದೀತು.” ಹಾಗಂದು, ಅಲ್ಲೇ, ಅವರ ಮುಂದೆಯೇ, ಧಾರವಾಡದಲ್ಲಿರುವ ನನ್ನ ಅಕ್ಕನಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲೆ ಇಟ್ಟೆ. ಅಕ್ಕನಿಗೆ ಊರು ಬಿಟ್ಟು ಗೊತ್ತಿಲ್ಲ. ಅವಳ ಕನ್ನಡವನ್ನು ಯಾರು ಹಳಸಿದೆ ಅಂದಾರು?

“ಅಕ್ಕಾ, ತೂರ ಅಂದ್ರ ಏನು?”

“ತೂರೂದಾ? ರಾಶಿ ತೂರೂದಲ್ಲೇನs? ಗಾಳಿಗೆ ಹಿಡದು.”

“ಅದಲ್ಲಕ್ಕಾ. ರುಚಿ. ಬಾಳೀಕಾಯಿ ತಿಂದ್ರ ಬಾಯಿ ಆಗತದಲ್ಲ, ಅದಕ್ಕ ಅಜ್ಜಿ ತೂರ ಅಂತಿದ್ದಿಲ್ಲೇನು?”

“ಏ, ತೂರ ಎಲ್ಲಿದs ತಂಗಿ? ವಗರ. ಬಾಯಿ ವಗರ ಆತು ಅಂತೀವಿ. ಓಣ್ಯಾಗಿನ ಮರಾಠಿಯವರು ತುರಟ ಅಂತಿದ್ರು, ನಮ್ಮ ಮನ್ಯಾಗ ಯಾರೂ ಅಂದಿಲ್ಲ. ಯಾಕ, ವಗರ ಅನ್ನೂದು ಮರತೀ ಏನು?”

ಮರೆತಿದ್ದೆ. ಅವಳ ಬಾಯಿಂದ ಬಿದ್ದ ಕೂಡಲೇ ನೆನಪಾಯಿತು. ವಗರ. ಒಗರು. ಶಾಲೆಯ ಹಿಂದಿನ ಬೇಲಿಯ ಕವಳಿಕಾಯಿ ತಿಂದು ಅಜ್ಜಿಯ ಮುಂದೆ ನಾಲಿಗೆ ಚಾಚಿ ನಿಂತಾಗ ಆಡಿದ ಪದ. ಆ ಪದ ಎಷ್ಟು ವರ್ಷದಿಂದ ನನ್ನ ಬಾಯಲ್ಲಿ ಇರಲಿಲ್ಲವೋ, ಅದು ಹೋದದ್ದೇ ನನಗೆ ಗೊತ್ತಿರಲಿಲ್ಲ. ಹೋದ ಜಾಗ ಖಾಲಿ ಇದ್ದಿದ್ದರೆ ಹುಡುಕುತ್ತಿದ್ದೆನೇನೋ. ಖಾಲಿ ಇರಲಿಲ್ಲ.

ಫೋನ್ ಇಟ್ಟೆ. ಬೆನ್‌ಗೆ ಏನೋ ಎಡವಟ್ಟಾಯಿತು ಅಂತ ಅಂದಾಜಾಗಿ, ಇನ್ನೊಂದು ಚಹಾ ಹೇಳಲೇ ಅಂದಳು.

“ನಿಮಗ ಮೊದಲs ಗೊತ್ತಿತ್ತು,” ಅಂತ ಸೂರತ್ತಿನವರಿಗೆ ಅಂದೆ.

“ನಲವತ್ತು ವರ್ಷ ಇದ್ದೇನಲ್ಲ ಇಲ್ಲಿ. ಗೊತ್ತಿಲ್ಲದೆ ಉಂಟಾ?”

“ಗೊತ್ತಿದ್ರ ಹೇಳ್ಬೇಕಾಗಿತ್ತು! ಹೇಳಲಾರದs ಕುಂತು ಮಜಾ ನೋಡಿದ್ರಿ!”

“ಯಾವ ಊರಿನ ಕನ್ನಡ ಅಂತ ಕೇಳಿದ್ದೆ. ಯೋಚನೆ ಮಾಡಿ ಅಂತಲೂ ಹೇಳಿದೆ. ಅಷ್ಟು ಸಾಕು ಅಂತ ಮಾಡಿದ್ದೆ ಮೇಡಂ. ಇನ್ನು ಹೆಚ್ಚು ಹೇಳಿದ್ರೆ ನಿಮಗೆ ಅವಮಾನ ಅಲ್ವಾ?”

ನನ್ನ ಅವಮಾನದ ಚಿಂತೆ ಇವರಿಗೆ! ಹಳಸಿದೆ ಅಂತ ಬರೆದಾಗ ಆ ಚಿಂತೆ ಎಲ್ಲಿ ಹೋಗಿತ್ತು? ಆದರೆ ಬೈಯಲು ಬಾಯಿ ಬರಲಿಲ್ಲ. ಬೈದರೂ ಅದರಲ್ಲಿ ಯಾವ ಪದ ಕನ್ನಡದ್ದು, ಯಾವುದು ಅಲ್ಲ ಅಂತ ಯಾರು ಬಲ್ಲರು? ಬೆನ್ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದೆ, ಕಡೇ ಪುಟದಲ್ಲಿ ಕನ್ನಡಕ್ಕೆ ಅಂತ ಇವರ ಹೆಸರು ಹಾಕಿ, ನನ್ನದು ತೆಗೆಯಿರಿ ಅಂತ. ಅವಳು ಗಾಬರಿಯಾಗಿ, ಒಂದು ಪದಕ್ಕೆ ಹೀಗೆ ಯಾರಾದರೂ ಮಾಡುತ್ತಾರಾ ಬೆನ್ ಅಂದಳು. ಸೂರತ್ತಿನವರು, “ಛೆ, ಹಾಗೆಂತ ಬೇಡ ಮೇಡಂ, ಇ-ಮೇಲು ಸಿಟ್ಟಲ್ಲಿ ಬರೆದದ್ದು,” ಅಂದರು.

“ಬರದೀನಿ ಅಂದ್ರ ಬರದೀನಿ. ನಿಮ್ಮ ಕನಿಕರ ನನಗ ಬ್ಯಾಡ.”

ಕಡೆಗೆ ಬೆನ್ ತಾನೇ ಒಂದು ದಾರಿ ಮಾಡಿದಳು. ಕನ್ನಡಕ್ಕೆ ಅಂತ ಅವರ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ, ಫ್ರೆಂಚ್ ಸಲಹೆ ಅಂತ ನನ್ನದು. ಈಗ ಆ ಕೈಪಿಡಿ ಅಚ್ಚಾಗಿ ಬಂದಿದೆ, ಹಾಗೇ ಇದೆ. ಪುಣ್ಯವಂತ ಬೂಷ್ಟು ನನ್ನದು, ಪೇಡೆ ನನ್ನದು, ಎಣ್ಣೆಗಾಯಿ ನನ್ನದು. ಕನ್ನಡ ಅವರದು.

ಆ ದಿನ ಅಷ್ಟಕ್ಕೇ ಮುಗಿಯಲಿಲ್ಲ ನನ್ನ ಗ್ರಹಚಾರ. ವಡೋದರಾ ದಾಟಿಯೇ ಸೂರತ್ತಿಗೆ ಹೋಗಬೇಕು. ಮಣಿನಗರದಲ್ಲಿ ಅವರೂ ಅದೇ ರೈಲು, ಅದೇ ಡಬ್ಬಿ, ಎದುರು ಸೀಟು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ನಡಿಯಾದ್‌ನಲ್ಲಿ ನೇರಳೆ ಹಣ್ಣು ಮಾರುವವಳು ಹತ್ತಿದಳು, ಉಪ್ಪು ಉದುರಿಸಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದಳು. ಅವರು ದೊಡ್ಡ ಪೊಟ್ಟಣ ತೆಗೆದುಕೊಂಡು ನನ್ನ ಕಡೆ ಚಾಚಿದರು. ಬೇಡ ಅನ್ನಬೇಕೆಂದಿದ್ದೆ, ಆದರೆ ಬೆಳಿಗ್ಗೆಯಿಂದ ಚಹಾ ಬಿಟ್ಟು ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎರಡು ಬಾಯಿಗೆ ಹಾಕಿಕೊಂಡೆ.

“ಹೇಗುಂಟು?” ಅಂದರು.

“ಭಾಳ ತೂರ,” ಅಂದೆ.

ಅಂದ ಮೇಲೆ ಕೇಳಿಸಿತು ನನಗೆ. ಅವರು ನಗಲಿಲ್ಲ, ತಿದ್ದಲೂ ಇಲ್ಲ. ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ಆಣಂದ್ ಬಂತು, ಹೋಯಿತು. ನಿಲ್ದಾಣಕ್ಕೆ ಬರುತ್ತೇನೆ ಅಂತ ಮಗಳ ಫೋನ್ ಬಂತು. ವಡೋದರಾದಲ್ಲಿ ನಾನು ಏಳುವಾಗ ಉಳಿದ ಹಣ್ಣಿನ ಪೊಟ್ಟಣವನ್ನು ನನ್ನ ಚೀಲದ ಮೇಲೆ ಇಟ್ಟರು, “ಮಗಳಿಗೆ ಕೊಡಿ,” ಅಂತ. ಥ್ಯಾಂಕ್ಸ್ ಕೂಡ ಹೇಳದೆ ಇಳಿದೆ.

ಮಗಳು ಸ್ಕೂಟರ್ ತಂದು ನಿಲ್ದಾಣದ ಹೊರಗೆ ನಿಂತಿದ್ದಳು. ಇಪ್ಪತ್ತಾರು ವರ್ಷ ಅವಳಿಗೆ, ಔಷಧಿ ಕಂಪನಿಯಲ್ಲಿ ಕೆಲಸ, ಇಲ್ಲೇ ಹುಟ್ಟಿದವಳು. “ಅಮ್ಮಾ, ಕ್ಯಾ ಹುವಾ? ಮುಖ ಯಾಕೆ ಹಿಂಗೆ?” ಅಂದಳು. ಪೊಟ್ಟಣ ಕೊಟ್ಟೆ. ಅಲ್ಲೇ ನಿಂತು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ನೇರಳೆ ಬಣ್ಣದ ನಾಲಿಗೆ ಹೊರಗೆ ಚಾಚಿ, “ಅಮ್ಮಾ, ತೂರಾ!” ಅಂದಳು.

ಆಗ ನನಗೆ ಎಲ್ಲ ತಿಳಿಯಿತು. ಅವಳು ಐದು ವರ್ಷದವಳಿದ್ದಾಗ ಕೆಳಗಿನ ಮನೆಯ ಗುಜರಾತಿಯವರ ಅಂಗಳದಲ್ಲಿ ನೇರಳೆ ತಿಂದು ಮೇಲೆ ಓಡಿ ಬಂದು, ಹೀಗೇ ನಾಲಿಗೆ ಚಾಚಿ, ಇದೇ ಮಾತು ಆಡಿದ್ದಳು. ನಾನು ಅವಳನ್ನು ಎತ್ತಿಕೊಂಡು ನಮ್ಮ ಮನೆಯವರಿಗೆ ತೋರಿಸಿದ್ದೆ: ನೋಡ್ರಿ, ನನ್ನ ಮಗಳು ಧಾರವಾಡದ ಕನ್ನಡ ಮಾತಾಡ್ತಾಳ. ನಾನು ಅವಳಿಗೆ ಕಲಿಸಿದೆ ಅಂದುಕೊಂಡಿದ್ದೆ. ಅವಳು ನನಗೆ ಕಲಿಸಿದ್ದಳು.

“ತೂರ ಅಲ್ಲ. ಅದು ಗುಜರಾತಿ,” ಅಂದೆ.

“ಗೊತ್ತು. ಕನ್ನಡದಲ್ಲೂ ಅದೇ ಅಲ್ವಾ? ನೀನೇ ಅಂತೀಯ.”

“ಅಲ್ಲ. ಕನ್ನಡದಾಗ ವಗರ ಅಂತಾರ. ಅನ್ನು. ವಗರ.”

“ವಘಾರ್?” ಅಂದಳು. “ವಘಾರ್ ಅಂದ್ರೆ ಒಗ್ಗರಣೆ ಅಲ್ವಾ ಅಮ್ಮಾ?”

ಹೌದು, ಗುಜರಾತಿಯಲ್ಲಿ ಒಗ್ಗರಣೆಗೆ ಹಾಗೇ ಅನ್ನುವುದು. ಅಲ್ಲ ಅಂದೆ. ವಗರ, ಒಗರು, ಇನ್ನೊಮ್ಮೆ ಅನ್ನು ಅಂದೆ. ಚಾಪೆ ಮೇಲೆ ಕೂತ ಹುಡುಗರಿಗೆ ಫ್ರೆಂಚ್ ಅನ್ನಿಸಿದ ಹಾಗೆ ಬೀದಿಯಲ್ಲಿ ನಿಂತು ಅನ್ನಿಸಿದೆ. ಅವಳು ಎರಡು ಸಲ ಪ್ರಯತ್ನ ಮಾಡಿದಳು, ಎರಡು ಸಲವೂ ಸಾಸಿವೆ ಸಿಡಿದ ಹಾಗೇ ಬಂತು. ಮೂರನೆಯ ಸಲಕ್ಕೆ ನಾನು ಜೋರಾಗಿ ಕಿರುಚಿದೆ. ರಿಕ್ಷಾದವರು ತಿರುಗಿ ನೋಡಿದರು.

“ಅಮ್ಮಾ, ಬಿಡು,” ಅಂದಳು ಮಗಳು, ಮೆಲ್ಲಗೆ, ಹೆಲ್ಮೆಟ್ ನನ್ನ ಕೈಗೆ ಕೊಡುತ್ತಾ. “ನಮ್ಮಿಬ್ಬರಿಗೂ ಅರ್ಥ ಆಗುತ್ತಲ್ಲ, ತೂರ.”

ನಾನು ಹಿಂದೆ ಹತ್ತಿ ಕೂತೆ. ಗೋರ್ವಾ ಬರುವವರೆಗೂ ಅಳುತ್ತಿದ್ದೆ. ಅವಳಿಗೆ ಗೊತ್ತಾಗಲಿಲ್ಲ, ಗಾಳಿ ಜೋರಾಗಿತ್ತು.